ಪ್ರಶ್ನೋತ್ತರ: ರೋಮನ್ ಚರಿತ್ರೆಗಳ ಹಳೆಯ ಮುದ್ರಣಗಳು

ಈ ಸಂಚಿಕೆಯ ಪ್ರಶ್ನೆಗಳೆಲ್ಲ ಉತ್ತರ ಕನ್ನಡ ಜಿಲ್ಲೆಯಿಂದ ಬಂದವು. ಪ್ರಾಚೀನ ರೋಮ್‌ನ ಚರಿತ್ರೆ ಬರೆದ ಲಿವಿ, ಟ್ಯಾಸಿಟಸ್, ಸೀಸರ್ ಮೊದಲಾದವರ ಗ್ರಂಥಗಳು ಅಚ್ಚಾಗತೊಡಗಿದ ಮೊದಲ ಎರಡು ಶತಮಾನಗಳ ಪ್ರತಿಗಳನ್ನು ಹುಡುಕುವ, ಕೊಳ್ಳುವ ಮತ್ತು ಕಾಪಾಡುವ ಬಗ್ಗೆ ಓದುಗರು ಬರೆದ ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡು ಉತ್ತರಿಸಲಾಗಿದೆ.

ಶಿರಸಿ

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಉಪನ್ಯಾಸಕ. ಲಿವಿಯ ರೋಮ್ ಚರಿತ್ರೆಯ ಮೊಟ್ಟಮೊದಲ ಮುದ್ರಣದ ಪ್ರತಿಯೊಂದನ್ನು ಕೊಳ್ಳಬೇಕೆಂಬ ಆಸೆ ಬಹಳ ವರ್ಷಗಳಿಂದ ಇದೆ. ಅದು ಆಗುವ ಮಾತೇ? ಆಗದಿದ್ದರೆ ಅದರ ಬದಲು ಯಾವುದನ್ನು ಹುಡುಕಬೇಕು?

ಉತ್ತರ: ನೀವು ಹೇಳುವ ಮುದ್ರಣ 1469ರ ಸುಮಾರಿಗೆ ರೋಮ್ ನಗರದಲ್ಲಿ ಹೊರಬಂತು. ಜರ್ಮನಿಯಿಂದ ಇಟಲಿಗೆ ಅಚ್ಚಿನ ವಿದ್ಯೆಯನ್ನು ತಂದ ಕಾನ್ರಾಡ್ ಸ್ವೇನ್‌ಹೈಮ್ ಮತ್ತು ಅರ್ನಾಲ್ಡ್ ಪನ್ನಾರ್ಟ್ಸ್ ಎಂಬಿಬ್ಬರು ಮೊದಲು ಸುಬಿಯಾಕೊ ಎಂಬ ಊರಿನ ಮಠದಲ್ಲಿ ನೆಲೆಸಿ 1465ರ ಹೊತ್ತಿಗೆ ಪುಸ್ತಕಗಳನ್ನು ಅಚ್ಚುಹಾಕಿದರು. 1467ರಲ್ಲಿ ರೋಮ್‌ಗೆ ಬಂದು, ಅಲೆರಿಯಾದ ಬಿಷಪ್ ಜೊವಾನ್ನಿ ಆಂದ್ರೆಯಾ ಬುಸ್ಸಿ ಸಿದ್ಧಪಡಿಸಿಕೊಟ್ಟ ಪಠ್ಯಗಳನ್ನು ಒಂದರ ಹಿಂದೊಂದರಂತೆ ಪ್ರಕಟಿಸಿದರು. ಸೀಸರನ ಮೊದಲ ಮುದ್ರಣವೂ 1469ರಲ್ಲಿ ಇವರಿಂದಲೇ ಆದದ್ದು. 1472ರಲ್ಲಿ ಇವರು ಪೋಪ್ ನಾಲ್ಕನೆಯ ಸಿಕ್ಸ್ಟಸ್‌ಗೆ ಸಲ್ಲಿಸಿದ ಮನವಿಯಲ್ಲಿ ತಮ್ಮ ಪುಸ್ತಕಗಳ ಪಟ್ಟಿಯನ್ನು ಕೊಟ್ಟಿದ್ದಾರೆ. ಹೆಚ್ಚಿನವುಗಳ ತಲಾ 275 ಪ್ರತಿಗಳು ಅಚ್ಚಾಗಿದ್ದವು. ನಮ್ಮ ಮನೆಯೇನೋ ದೊಡ್ಡದು, ಆದರೆ ಅದರ ತುಂಬ ಇರುವುದು ಖರ್ಚಾಗದ ಅಚ್ಚಿನ ಹಾಳೆ, ಹೊಟ್ಟೆಪಾಡಿಗೆ ಬೇಕಾದದ್ದು ಏನೂ ಇಲ್ಲ ಎಂದು ಅವರು ಅಲ್ಲಿ ಗೋಳು ತೋಡಿಕೊಂಡಿದ್ದಾರೆ. ಅಂದು ಕೊಳ್ಳುವವರಿಲ್ಲದೆ ಬಿದ್ದಿದ್ದ ಆ ಹಾಳೆಗಳಲ್ಲಿ ಉಳಿದುಬಂದವು ಇಂದು ಬಹುಪಾಲು ದೊಡ್ಡ ಗ್ರಂಥಾಲಯಗಳ ಸೊತ್ತಾಗಿವೆ. ಅಪರೂಪಕ್ಕೆ ಒಂದು ಪ್ರತಿ ಹರಾಜಿಗೆ ಬಂದರೂ ಅದು ಪಿಂಚಣಿಯ ಹಣಕ್ಕೆ ನಿಲುಕುವಂಥದ್ದಲ್ಲ.

ಆದರೆ ಅದು ನಿಲುಕದೆ ಹೋದುದಕ್ಕೆ ಬಹಳ ಮರುಗಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆ ಮೊದಲ ಮುದ್ರಣದಲ್ಲಿರುವುದು ಅರೆಬರೆ ಲಿವಿ. ಅವನು ತನ್ನ ಚರಿತ್ರೆಯನ್ನು ‘ಪುಸ್ತಕ’ಗಳೆಂಬ 142 ಭಾಗಗಳಲ್ಲಿ ಬರೆದ, ಅವುಗಳಲ್ಲಿ ಈಗ ನಮಗೆ ಉಳಿದಿರುವುದು 35. 1ರಿಂದ 10 ಮತ್ತು 21ರಿಂದ 45. ಈ 35 ಕೂಡ ಒಟ್ಟಿಗೆ ಸಿಕ್ಕಿದವಲ್ಲ. ರೋಮ್‌ನ ಮುದ್ರಣದಲ್ಲಿ 33ನೆಯ ಪುಸ್ತಕವಿಲ್ಲ, 40ನೆಯದರ ಕೊನೆಯಿಲ್ಲ, 41ರಿಂದ 45ರವರೆಗಿನ ಐದು ಪುಸ್ತಕಗಳಂತೂ ಇಲ್ಲವೇ ಇಲ್ಲ. ಮೈಂಟ್ಸ್ ನಗರದ ಹಸ್ತಪ್ರತಿಯೊಂದರ ನೆರವಿನಿಂದ 33ರ ಹೆಚ್ಚಿನ ಭಾಗವೂ 40ರ ಕೊನೆಯೂ ಅದೇ ಊರಿನ ಶಫರ್ ಮುದ್ರಣಾಲಯದಲ್ಲಿ 1518–19ರಲ್ಲಿ ಅಚ್ಚಾದವು. 1527ರಲ್ಲಿ ಸಿಮೋನ್ ಗ್ರಿನೇಯಸ್ ಎಂಬ ವಿದ್ವಾಂಸನು ಲೋರ್ಶ್ ಮಠದ ಗ್ರಂಥಭಂಡಾರದಲ್ಲಿ 41–45ರ ಹಸ್ತಪ್ರತಿಯನ್ನು ಕಂಡುಹಿಡಿದನು. ಬಾಸೆಲ್ ನಗರದ ಫ್ರೋಬೆನ್ ಮುದ್ರಣಾಲಯವು ಹೆಸರಾಂತ ವಿದ್ವಾಂಸ ಎರಾಸ್ಮಸ್‌ನ ಮುನ್ನುಡಿಯೊಂದಿಗೆ 1531ರಲ್ಲಿ ಅದನ್ನು ಸೇರಿಸಿ ಪ್ರಕಟಿಸಿತು. 33ರ ಆರಂಭ ಸಿಕ್ಕಿದ್ದು ಬಾಂಬೆರ್ಗ್‌ನ ಹಸ್ತಪ್ರತಿಯಲ್ಲಿ. ಅದು 1616ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. ಮೊದಲ ಮುದ್ರಣಕ್ಕೂ ನಾವು ಇಂದು ಓದುವ ಲಿವಿಗೂ ನಡುವೆ ಹೀಗೆ ಸುಮಾರು ಒಂದೂವರೆ ಶತಮಾನದ ಅಂತರವಿದೆ.

ಆದ್ದರಿಂದ ನಿಮ್ಮ ಜಾಗದಲ್ಲಿ ನಾನಿದ್ದರೆ 1531ರ ಬಾಸೆಲ್ ಮುದ್ರಣಕ್ಕೆ ಕಾದಿರುತ್ತಿದ್ದೆ. ಮೆಸಿಡೋನಿಯದ ಪೆರ್ಸಿಯಸ್ ದೊರೆಯ ಸೋಲಿನಲ್ಲಿ ಮುಗಿದ ಕ್ರಿ.ಪೂ. 168ರ ಪಿಡ್ನಾ ಯುದ್ಧವನ್ನು ಲಿವಿಯ ಮಾತಿನಲ್ಲಿ ಅಚ್ಚಿನಲ್ಲಿ ಓದಿದ ಮೊದಲ ಜನ ಈ ಪುಸ್ತಕವನ್ನು ಕೊಂಡವರು. ನಾಲ್ಕು ದಶಕ ಇತಿಹಾಸ ಪಾಠ ಮಾಡಿದವರಿಗೆ ‘ಮೊದಲನೆಯದು’ ಎಂಬ ಹಣೆಪಟ್ಟಿಗಿಂತ ಇದು ಹೆಚ್ಚು ಬೆಲೆಯುಳ್ಳದ್ದು ಎಂದುಕೊಳ್ಳುತ್ತೇನೆ. ಫ್ರೋಬೆನ್‌ನ ಗುರುತು ಸುಲಭ: ಎರಡು ಹಾವು ಸುತ್ತಿಕೊಂಡ ದಂಡವನ್ನು ಎರಡು ಕೈಗಳು ಹಿಡಿದಿರುತ್ತವೆ, ಅದರ ತುದಿಯಲ್ಲಿ ಪಾರಿವಾಳ ಕುಳಿತಿರುತ್ತದೆ. ಶೀರ್ಷಿಕೆ ಪುಟದಲ್ಲಿ ಇಷ್ಟು ಕಂಡ ಮಾತ್ರಕ್ಕೆ ಹಣ ಕಳಿಸಬೇಡಿ. ಕೊನೆಯ ಐದು ಪುಸ್ತಕಗಳು ನಿಜವಾಗಿಯೂ ಒಳಗಿವೆಯೇ, ಆ ಹಾಳೆಗಳೆಲ್ಲವೂ ಇವೆಯೇ ಎಂದು ಮಾರುವವರಿಂದ ಬರೆಯಿಸಿಕೊಳ್ಳಿ.

ಯಲ್ಲಾಪುರ

ಪ್ರಶ್ನೆ: ಟ್ಯಾಸಿಟಸ್‌ನ ಮೊದಲ ಮುದ್ರಣ 1470 ಎಂದು ಒಂದು ಪಟ್ಟಿಯಲ್ಲೂ 1515 ಎಂದು ಇನ್ನೊಂದರಲ್ಲೂ ಓದಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ವೆನಿಸ್‌ನಲ್ಲಿ ಮೊದಲ ಅಚ್ಚುಕೂಟವನ್ನು ತೆರೆದ ಸ್ಪೈಯರ್ ಊರಿನ ಯೋಹಾನ್ ತೀರಿಕೊಂಡ ಮೇಲೆ ಕೆಲಸವನ್ನು ಮುಂದುವರಿಸಿದ ಅವನ ತಮ್ಮ ವೆಂಡೆಲಿನ್ 1470ರ ಸುಮಾರಿಗೆ ಟ್ಯಾಸಿಟಸ್‌ನನ್ನು ಅಚ್ಚುಹಾಕಿದನು. ಅದರಲ್ಲಿ ‘ವಾರ್ಷಿಕಗಳು’ (ಆನಲ್ಸ್) ಎಂಬ ಅವನ ಗ್ರಂಥದ 11ರಿಂದ 16ರವರೆಗಿನ ಪುಸ್ತಕಗಳೂ ‘ಇತಿಹಾಸಗಳು’ (ಹಿಸ್ಟರೀಸ್) ಎಂಬ ಗ್ರಂಥವೂ ಜರ್ಮನಿಯ ಕುರಿತ ಕಿರುಗ್ರಂಥವೂ ಇದ್ದವು. ಟೈಬೀರಿಯಸ್ ಚಕ್ರವರ್ತಿಯ ಕಾಲವನ್ನು ಹೇಳುವ, ವಾರ್ಷಿಕಗಳ ಮೊದಲ ಆರು ಪುಸ್ತಕಗಳು ಆಗ ಯಾರ ಕೈಗೂ ಸಿಕ್ಕಿರಲಿಲ್ಲ. ಆ ಭಾಗದ ಏಕೈಕ ಹಸ್ತಪ್ರತಿ ಜರ್ಮನಿಯ ಕೊರ್ವೈ ಮಠದಿಂದ ಕಳುವಾಗಿ, ಕೈಯಿಂದ ಕೈಗೆ ದಾಟಿ, ಪೋಪ್ ಹತ್ತನೆಯ ಲಿಯೋನನ್ನು ಮುಟ್ಟಿತು. ಫಿಲಿಪ್ಪೋ ಬೆರೊಆಲ್ಡೊ ಅದನ್ನು ಪರಿಷ್ಕರಿಸಿ 1515ರಲ್ಲಿ ರೋಮ್‌ನಲ್ಲಿ ಪ್ರಕಟಿಸಿದನು. ಬೇರೆಯವರು ಇದನ್ನು ಅಚ್ಚುಹಾಕಬಾರದೆಂದು ಪೋಪ್ ಕಟ್ಟಪ್ಪಣೆ ಹೊರಡಿಸಿದ್ದರೂ ಮಿಲಾನ್‌ನ ಮುದ್ರಕನೊಬ್ಬನು ರೋಮ್‌ನ ಹಾಳೆಗಳನ್ನು ಒಳಗಿಂದೊಳಗೆ ತರಿಸಿಕೊಂಡು ಮರುಮುದ್ರಣಕ್ಕೆ ಕೈಹಾಕಿ, ಧರ್ಮಬಹಿಷ್ಕಾರದ ಬೆದರಿಕೆಗೆ ಗುರಿಯಾದನು. ಪೋಪ್ ಮಾತ್ರ ಕೊರ್ವೈ ಮಠಕ್ಕೆ ಅಂದವಾಗಿ ಹೊಲಿಸಿದ ಅಚ್ಚಿನ ಪ್ರತಿಯೊಂದನ್ನು, ಜೊತೆಗೆ ಪಾಪವಿಮೋಚನೆಯ ಪತ್ರವನ್ನು ಕಳಿಸಿ ಹಸ್ತಪ್ರತಿಯನ್ನು ತಾನೇ ಇಟ್ಟುಕೊಂಡ. ಅದು ಈಗ ಫ್ಲಾರೆನ್ಸ್‌ನ ಲೌರೆಂಟಿಯನ್ ಗ್ರಂಥಾಲಯದಲ್ಲಿದೆ. ಕದ್ದ ಮಾಲಿಗೆ ಅದರದೇ ಅಚ್ಚಿನ ನಕಲನ್ನು ಪರಿಹಾರವಾಗಿ ಕೊಟ್ಟ ಇಂಥ ಜಾಣತನ ಗ್ರಂಥಗಳ ಚರಿತ್ರೆಯಲ್ಲೇ ಅಪರೂಪ.

ಸಂಗ್ರಹದ ದೃಷ್ಟಿಯಿಂದ ಹೇಳುವುದಾದರೆ, ಈ ಎರಡರ ನಡುವೆ ತಲೆಕೆಡಿಸಿಕೊಳ್ಳುವ ಬದಲು ಯುಸ್ಟಸ್ ಲಿಪ್ಸಿಯಸ್ ಪರಿಷ್ಕರಿಸಿ ಆಂಟ್‌ವೆರ್ಪ್‌ನ ಪ್ಲಾಂಟಿನ್ ಮುದ್ರಣಾಲಯದಿಂದ 1574ರಲ್ಲಿ ಮೊದಲು ಹೊರಬಂದ, ಆಮೇಲೆ ಹಲವು ಬಾರಿ ಮರುಮುದ್ರಣಗೊಂಡ ಟ್ಯಾಸಿಟಸ್‌ನನ್ನು ನೋಡಿ. ಯೂರೋಪಿನ ರಾಜಕಾರಣಿಗಳು ಟ್ಯಾಸಿಟಸ್‌ನನ್ನು ಹಚ್ಚಿಕೊಂಡು ಓದಿದ್ದು ಆ ಆವೃತ್ತಿಯಿಂದ. ಅದರ ಮುಂದಿನ ಮುದ್ರಣಗಳು ಬೆಲೆಯಲ್ಲಿ ಅಷ್ಟೇನೂ ಹೆದರಿಸುವುದಿಲ್ಲ.

ಕಾರವಾರ

ಪ್ರಶ್ನೆ: ಗೋವಾದ ಹಳೆಯ ಮನೆಯೊಂದರ ಸಾಮಾನು ವಿಲೇವಾರಿಯಲ್ಲಿ ಅಂಗೈಯಗಲದ ಲ್ಯಾಟಿನ್ ಪುಸ್ತಕವೊಂದು ಸಿಕ್ಕಿತು. ಸೀಸರನ ಹೆಸರೂ ಎಲ್ಜೆವಿರ್ ಎಂಬ ಮುದ್ರಕರ ಹೆಸರೂ ಇವೆ. ಇಸವಿಯ ಜಾಗದಲ್ಲಿ ಅರ್ಥವಾಗದ ಅಕ್ಷರಗಳಿವೆ. ಇದು ಅಸಲಿಯೇ, ಪೂರ್ತಿಯಾಗಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಉತ್ತರ: ಇಸವಿಯಿಂದ ಆರಂಭಿಸಿ. ಆ ಕಾಲದ ಡಚ್ ಮುದ್ರಕರು ಸಾವಿರವನ್ನು ಬರೆಯಲು ಎಂ ಬಳಸದೆ ಸಿ, ಐ ಮತ್ತು ತಲೆಕೆಳಗಾದ ಸಿ ಎಂಬ ಮೂರು ಗುರುತುಗಳನ್ನು ಒಟ್ಟಿಗೆ ಇಡುತ್ತಿದ್ದರು. ಐ ಮತ್ತು ತಲೆಕೆಳಗಾದ ಸಿ ಸೇರಿದರೆ ಐನೂರು. ಅದರ ಮುಂದೆ ಇನ್ನೊಂದು ಸಿ ಇದ್ದರೆ ನೂರು, ಆಮೇಲೆ ಮೂರು ಎಕ್ಸ್ ಮತ್ತು ಒಂದು ವಿ ಇದ್ದರೆ ಮೂವತ್ತೈದು. ಹೀಗೆ ಕೂಡಿಸಿದಾಗ 1635 ಬಂದರೆ ಕೈಯಲ್ಲಿರುವುದು ಲೈಡನ್ ನಗರದ ಎಲ್ಜೆವಿರ್‌ರ ಹೆಸರಾಂತ ಸೀಸರ್, ಅಥವಾ ಅದರ ವೇಷ ತೊಟ್ಟ ಇನ್ನೊಂದು ಮುದ್ರಣ. ಅದೇ ಇಸವಿಯನ್ನೇ ಹೊತ್ತ, ಅದರಂತೆಯೇ ಕಾಣುವ ಮುದ್ರಣಗಳು ಒಂದಕ್ಕಿಂತ ಹೆಚ್ಚು ಇವೆ. ಅವುಗಳಲ್ಲಿ ಮೊದಲಿನದನ್ನು ಗುರುತಿಸುವ ಕ್ರಮ ವಿಚಿತ್ರವಾಗಿದೆ: ಅದರಲ್ಲಿ 149ನೆಯ ಪುಟಕ್ಕೆ 153 ಎಂದೂ 335ಕ್ಕೆ 345 ಎಂದೂ 475ಕ್ಕೆ 375 ಎಂದೂ ಸಂಖ್ಯೆ ತಪ್ಪಾಗಿ ಬಿದ್ದಿದೆ. ತಪ್ಪುಗಳನ್ನು ತಿದ್ದಿರುವ ಪ್ರತಿ ಆಮೇಲಿನದು. ಓದುವವನಿಗೆ ತಿದ್ದಿದ ಪ್ರತಿ ಮೇಲು, ಸಂಗ್ರಾಹಕನಿಗೆ ತಪ್ಪಿರುವ ಪ್ರತಿ ಮೇಲು. ಈ ಹವ್ಯಾಸದ ಒಂದು ಸಣ್ಣ ಹುಚ್ಚು ಇದು ಎಂದು ಒಪ್ಪಿಕೊಳ್ಳೋಣ. ವೆನಿಸ್‌ನ ಮುದ್ರಕ ಆಲ್ಡಸ್ ಮನುಟಿಯಸ್ ವಿಷಯದಲ್ಲಿ ಇದಕ್ಕೆ ತಿರುಗುಮುರುಗಾಗಿ ನಡೆಯಿತು. ಅವನ ಓರೆಯಕ್ಷರದ ಚಿಕ್ಕ ಪುಸ್ತಕಗಳನ್ನು ಲಿಯೋನ್ ನಗರದವರು ನಕಲು ಮಾಡಿ ಮಾರತೊಡಗಿದಾಗ, ಅವನು 1503ರಲ್ಲಿ ಆ ನಕಲುಗಳಲ್ಲಿನ ತಪ್ಪುಗಳನ್ನು ಪಟ್ಟಿಮಾಡಿ ಕೊಳ್ಳುವವರನ್ನು ಎಚ್ಚರಿಸಿದ. ಲಿಯೋನಿನವರು ಅದೇ ಪಟ್ಟಿಯನ್ನು ಇಟ್ಟುಕೊಂಡು ತಮ್ಮ ಮುಂದಿನ ಮುದ್ರಣಗಳನ್ನು ತಿದ್ದಿಕೊಂಡರು.

ಇನ್ನು ಕಾಗದ. ಒಂದು ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಕೈಯಿಂದ ಮಾಡಿದ ಹಳೆಯ ಕಾಗದದಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳೂ, ಅವನ್ನು ಅಡ್ಡ ಹಾಯುವ, ಎರಡು ಎರಡೂವರೆ ಸೆಂಟಿಮೀಟರಿಗೊಂದರಂತೆ ದೂರದೂರ ಇರುವ ಗೆರೆಗಳೂ ಕಾಣುತ್ತವೆ. ಕಾಗದ ಎತ್ತುವ ಜಾಲರಿಯ ತಂತಿಗಳ ಗುರುತು ಅದು. ಇಡೀ ಹಾಳೆಯನ್ನು ಒಮ್ಮೆ ಮಡಿಸಿದ ಫೋಲಿಯೊದಲ್ಲಿ ದೂರದ ಗೆರೆಗಳು ಮೇಲಿನಿಂದ ಕೆಳಕ್ಕೆ ನಿಲ್ಲುತ್ತವೆ, ಎರಡು ಬಾರಿ ಮಡಿಸಿದ ಕ್ವಾರ್ಟೊದಲ್ಲಿ ಅಡ್ಡ ಮಲಗುತ್ತವೆ, ಮೂರು ಬಾರಿ ಮಡಿಸಿದ ಆಕ್ಟೇವೊದಲ್ಲಿ ಮತ್ತೆ ನಿಲ್ಲುತ್ತವೆ. ನಿಮ್ಮದು ಹನ್ನೆರಡು ಎಲೆಗೆ ಮಡಿಸಿದ ಡ್ಯುಯೊಡೆಸಿಮೊ ಆಗಿರಬೇಕು. ಅದರಲ್ಲಿ ಸಾಮಾನ್ಯವಾಗಿ ಅಡ್ಡ ಗೆರೆಗಳೇ. ಪುಸ್ತಕದ ನಡುವೆ ಒಂದೆರಡು ಹಾಳೆಗಳಲ್ಲಿ ಮಾತ್ರ ಗೆರೆಗಳ ದಿಕ್ಕು ಬೇರೆಯಾಗಿದ್ದರೆ ಅಥವಾ ಗೆರೆಗಳೇ ಇಲ್ಲದಿದ್ದರೆ, ಕಳೆದುಹೋದ ಹಾಳೆಗಳ ಜಾಗದಲ್ಲಿ ಆಮೇಲೆ ಯಾರೋ ನಕಲು ಸೇರಿಸಿದ್ದಾರೆ ಎಂದು ತಿಳಿಯಬೇಕು. ಗೆರೆಗಳಿಲ್ಲದ ನುಣುಪು ಕಾಗದ ಪುಸ್ತಕಗಳಲ್ಲಿ ಬಳಕೆಗೆ ಬಂದದ್ದು ಬರ್ಮಿಂಗ್‌ಹ್ಯಾಮಿನ ಮುದ್ರಕ ಬಾಸ್ಕರ್‌ವಿಲ್ 1757ರಲ್ಲಿ ತಾನು ಅಚ್ಚುಹಾಕಿದ ವರ್ಜಿಲ್ ಕವಿಯ ಕೃತಿಯಲ್ಲಿ ಅದನ್ನು ಉಪಯೋಗಿಸಿದ ಮೇಲೆ.

ಪೂರ್ತಿ ಇದೆಯೇ ಎಂದು ನೋಡಲು ಪುಟಸಂಖ್ಯೆಯನ್ನು ನಂಬಬೇಡಿ. ಮೇಲಿನ ಉದಾಹರಣೆಯೇ ಅದಕ್ಕೆ ಸಾಕ್ಷಿ. ಪುಟದ ಅಡಿಯಲ್ಲಿ ಅಲ್ಲಲ್ಲಿ ಒಂದು ಅಕ್ಷರವೂ ಅಂಕಿಯೂ ಇರುತ್ತವೆ. ಪುಸ್ತಕ ಕಟ್ಟುವವನಿಗೆ ಮಡಿಸಿದ ಹಾಳೆಗಳ ಕಂತೆಗಳ ಅನುಕ್ರಮ ತಿಳಿಯಲೆಂದು ಹಾಕಿದ ಗುರುತು ಅದು. ಎ ಕಂತೆಯಿಂದ ಕೊನೆಯವರೆಗೆ ಒಂದೊಂದಾಗಿ ಎಣಿಸಿ ಬರೆದುಕೊಳ್ಳಿ. ಐ ಆದ ಮೇಲೆ ಜೆ ಇಲ್ಲದೆ ನೇರವಾಗಿ ಕೆ ಬಂತೆಂದು ಗಾಬರಿಯಾಗುವುದು ಬೇಡ. ಈ ಗುರುತುಗಳಿಗೆ ಬಳಸುತ್ತಿದ್ದುದು 23 ಅಕ್ಷರಗಳ ಲ್ಯಾಟಿನ್ ವರ್ಣಮಾಲೆ, ಅದರಲ್ಲಿ ಜೆ ಮತ್ತು ಡಬ್ಲ್ಯು ಇಲ್ಲ, ಯು ಮತ್ತು ವಿ ಒಂದೇ ಅಕ್ಷರ. ಪ್ರತಿ ಪುಟದ ಕೊನೆಯಲ್ಲಿ ಒಂಟಿಯಾಗಿ ನಿಂತ ಪದ ಮುಂದಿನ ಪುಟದ ಮೊದಲ ಪದಕ್ಕೆ ಹೊಂದಬೇಕು; ಹೊಂದದಿದ್ದರೆ ಅಲ್ಲಿ ಹಾಳೆ ಹೋಗಿದೆ. ಹದಿನೈದನೆಯ ಶತಮಾನದ ಪುಸ್ತಕಗಳಾದರೆ ಶೀರ್ಷಿಕೆ ಪುಟವೇ ಇಲ್ಲದಿರಬಹುದು. ನಮ್ಮ ತಾಳೆಗರಿಯ ಕಟ್ಟುಗಳಲ್ಲಿ ಲಿಪಿಕಾರನು ತನ್ನ ಹೆಸರು, ಸಂವತ್ಸರ, ತಿಥಿಗಳನ್ನು ಕಡೆಯ ಗರಿಯಲ್ಲಿ ಬರೆಯುವಂತೆ, ಅಲ್ಲೂ ಮುದ್ರಕನ ಹೆಸರು, ಊರು, ಇಸವಿಗಳನ್ನು ಕೊನೆಯ ಹಾಳೆಯಲ್ಲೇ ಹುಡುಕಬೇಕು. ಆ ಕೊನೆಯ ಹಾಳೆಯೇ ಮೊದಲು ಹರಿದು ಹೋಗುವ ಹಾಳೆಯೂ ಆಗಿರುವುದರಿಂದ ಬೆಲೆಯ ಹೆಚ್ಚು ಕಡಿಮೆ ಅದರ ಮೇಲೆ ನಿಂತಿರುತ್ತದೆ.

ಪುಸ್ತಕದ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದಿಡಿ. ಎಲ್ಜೆವಿರ್ ಸಂಗ್ರಾಹಕರು ಹತ್ತೊಂಬತ್ತನೆಯ ಶತಮಾನದಿಂದಲೂ ಇದನ್ನು ಬಿಟ್ಟಿಲ್ಲ. ಮತ್ತೆ ಮತ್ತೆ ಕಟ್ಟುವಾಗ ಅಂಚು ಕತ್ತರಿಸಿ ಕತ್ತರಿಸಿ ಕುಗ್ಗಿದ ಪ್ರತಿಗೂ ಅಗಲ ಅಂಚು ಉಳಿದ ಪ್ರತಿಗೂ ಬೆಲೆಯಲ್ಲಿ ಬಹಳ ವ್ಯತ್ಯಾಸವಿದೆ. ಕೊನೆಗೆ, ಒಳಹೊದಿಕೆಯ ಮೇಲಿನ ಹೆಸರು, ಮೊಹರು, ಹಳೆಯ ಶಾಯಿಯ ಟಿಪ್ಪಣಿಗಳನ್ನು ಉಜ್ಜಿ ತೆಗೆಯಬೇಡಿ. 1556ರಲ್ಲಿ ಭಾರತದ ಮೊದಲ ಅಚ್ಚುಕೂಟ ಬಂದಿಳಿದ ಗೋವಾದಲ್ಲಿ ಲ್ಯಾಟಿನ್ ಪುಸ್ತಕಕ್ಕೆ ತನ್ನದೇ ಪ್ರಯಾಣದ ಕಥೆ ಇರಬಹುದು, ಆ ಕಥೆಯನ್ನು ಹೇಳುವುದು ಇಂಥ ಗುರುತುಗಳೇ. ಗ್ರಂಥಾಲಯದ ಮೊಹರನ್ನು ಕೆರೆದು ಅಳಿಸಿದ ಜಾಗ ಕಂಡರೆ ಮಾತ್ರ ಕೂಡಲೇ ಎಚ್ಚರಾಗಿ. 2012ರಲ್ಲಿ ನೇಪಲ್ಸ್‌ನ ಗಿರೊಲಾಮಿನಿ ಗ್ರಂಥಾಲಯದ ಹೊಣೆ ಹೊತ್ತಿದ್ದ ನಿರ್ದೇಶಕನೇ ಅಲ್ಲಿನ ಪುಸ್ತಕಗಳನ್ನು ಹೊರಸಾಗಿಸಿದ್ದು ಬಯಲಾದ ಮೇಲೆ, ಹಿಂದಿನ ಒಡೆತನದ ದಾಖಲೆಯಿಲ್ಲದ ಇಟಲಿಯ ಪುಸ್ತಕಗಳನ್ನು ಒಳ್ಳೆಯ ವ್ಯಾಪಾರಿಗಳು ಮುಟ್ಟುವುದಿಲ್ಲ.

ಕುಮಟಾ

ಪ್ರಶ್ನೆ: ಸಮುದ್ರಕ್ಕೆ ಹತ್ತಿರದ ಮನೆ. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಇಂಥ ಕಡೆ ನಾನೂರು ವರ್ಷದ ಪುಸ್ತಕವನ್ನು ಇಡುವುದು ಸರಿಯೇ? ನುಸಿಗುಳಿಗೆ, ಬೇವಿನೆಲೆ, ನಿಂಬೆಹುಲ್ಲಿನ ಎಣ್ಣೆ ಬಳಸಬಹುದೇ?

ಉತ್ತರ: ಇಡಬಹುದು, ಆದರೆ ಯಾವ ಪುಸ್ತಕ ಎಂಬುದನ್ನು ನಿಮ್ಮ ಊರಿನ ಮಳೆ ನಿರ್ಧರಿಸಬೇಕೇ ಹೊರತು ಹರಾಜಿನ ಕ್ಯಾಟಲಾಗಲ್ಲ. ಹಳೆಯ ಕಾಗದ ಸೋಲುವುದು ಸುಲಭವಲ್ಲ. ಅದನ್ನು ಮಾಡುತ್ತಿದ್ದುದು ನಾರಗಸೆ (ಲಿನನ್) ಮತ್ತು ಹೆಂಪ್ ನಾರಿನ ಹಳೆಯ ಬಟ್ಟೆಯ ತಿರುಳಿನಿಂದ. ಮೇಲೆ ಪ್ರಾಣಿಜನ್ಯ ಅಂಟಿನ ಲೇಪ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಬಂದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಸೇರಿಕೊಂಡು ಅದು ತಾನಾಗಿಯೇ ಪುಡಿಯಾಗುತ್ತದೆ. ಆದ್ದರಿಂದ 1531ರ ಲಿವಿಯ ಹಾಳೆ ನಿಮ್ಮ ಅಜ್ಜನ ಶಾಲೆಯ ಪಠ್ಯಪುಸ್ತಕದ ಹಾಳೆಗಿಂತ ಗಟ್ಟಿಯಾಗಿದ್ದರೆ ಅಚ್ಚರಿಯಿಲ್ಲ. ತೊಂದರೆ ಕೊಡುವುದು ಹೊದಿಕೆ. ಕರುವಿನ ಚರ್ಮವನ್ನು ಹದ ಮಾಡದೆ ಸುಣ್ಣದಲ್ಲಿ ನೆನೆಸಿ ಎಳೆದು ಒಣಗಿಸಿ ಮಾಡಿದ ವೆಲಮ್ ಹೊದಿಕೆ ತೇವ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಹಿಗ್ಗಿ ಡಿಸೆಂಬರಿನಲ್ಲಿ ಕುಗ್ಗಿ ಒಂದೆರಡು ವರ್ಷಗಳಲ್ಲೇ ರಟ್ಟು ಬಿಲ್ಲಿನಂತೆ ಬಾಗುತ್ತದೆ. ಮೆತ್ತನೆಯ ಚರ್ಮದ ಹೊದಿಕೆಗೆ ಬೂಷ್ಟು ಹಿಡಿಯುತ್ತದೆ. ಕರಾವಳಿಯವರಿಗೆ ಹೊದಿಕೆ ಆಗಲೇ ಬದಲಾಗಿರುವ, ಗಟ್ಟಿ ರಟ್ಟಿನ ಸಾದಾ ಕಟ್ಟಿನ ಪ್ರತಿಯೇ ಲೇಸು. ಅವು ಅಗ್ಗವೂ ಹೌದು.

ಮೊದಲು ಕೊಳ್ಳಬೇಕಾದದ್ದು ಪುಸ್ತಕವಲ್ಲ, ಗಾಳಿಯ ತೇವಾಂಶ ತೋರಿಸುವ ಪುಟ್ಟ ಹೈಗ್ರೋಮೀಟರ್. ಸಾಪೇಕ್ಷ ತೇವಾಂಶ ಶೇ. 65ನ್ನು ದಾಟಿ ಕೆಲವು ದಿನ ನಿಂತರೆ ಬೂಷ್ಟು ಏಳುವ ಸಾಧ್ಯತೆ ಹೆಚ್ಚು, ಶೇ. 45ರಿಂದ 55ರೊಳಗೆ ಇದ್ದರೆ ನೆಮ್ಮದಿ. ಕುಮಟಾದ ಆಷಾಢದಲ್ಲಿ ಮುಚ್ಚಿದ ಕೋಣೆಯಲ್ಲೂ ಈ ಅಂಕಿ ಬಹಳ ಮೇಲಿರುತ್ತದೆ. ಇಡೀ ಮನೆಗೆ ಯಂತ್ರ ಇಡಬೇಕಾಗಿಲ್ಲ. ಒಂದು ಸಣ್ಣ ಒಳಕೋಣೆಗೆ ತೇವ ಹೀರುವ ಡಿಹ್ಯೂಮಿಡಿಫೈಯರ್ ಸಾಕು. ವಿದ್ಯುತ್ ಹೋದ ರಾತ್ರಿಗಳಿಗಾಗಿ ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟುಕೊಳ್ಳಿ, ಬಣ್ಣ ತಿರುಗಿದ ಕೂಡಲೇ ಅದನ್ನು ಬಿಸಿಮಾಡಿ ಒಣಗಿಸಿ. ಉಕ್ಕಿನ ಕಪಾಟಿನೊಳಗೆ ಭದ್ರವಾಗಿ ಬೀಗ ಹಾಕಿ ಮಳೆಗಾಲ ಮುಗಿದ ಮೇಲೆ ತೆರೆಯುವ ಪದ್ಧತಿ ನಮ್ಮಲ್ಲಿ ಇದೆ. ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಒಳಗೆ ಸೇರಿದ ತೇವ ಲೋಹದ ಮೇಲೆ ಹನಿಯಾಗಿ ಕೂರುತ್ತದೆ. ಕಪಾಟನ್ನು ಸಮುದ್ರದ ಕಡೆಯ ಗೋಡೆಗೆ ಒರಗಿಸಬೇಡಿ. ಗೋಡೆಗೂ ಅದಕ್ಕೂ ನಾಲ್ಕಂಗುಲ ಬಿಡಿ, ನೆಲದಿಂದ ಎತ್ತರಿಸಿ. ಪಶ್ಚಿಮದ ಗಾಳಿ ಹೊತ್ತು ತರುವ ಉಪ್ಪಿನ ಧೂಳು ತಾನೂ ತೇವ ಹೀರುತ್ತದೆ, ಹಾಗಾಗಿ ಒಣ ಮೆತ್ತನೆಯ ಬ್ರಷ್‌ನಿಂದ ವಾರಕ್ಕೊಮ್ಮೆ ಮೇಲಂಚನ್ನು ಒರೆಸಿ.

ನುಸಿಗುಳಿಗೆ, ಬೇವಿನೆಲೆ, ನಿಂಬೆಹುಲ್ಲಿನ ಎಣ್ಣೆ ಇವುಗಳ ಬಗ್ಗೆಯೂ ಕೇಳಿದ್ದೀರಿ. ತಾಳೆಗರಿಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚುವುದುಂಟು, ಅದರಿಂದ ಗರಿ ಮೆದುವಾಗುತ್ತದೆ. ಅದನ್ನು ಕಂಡು ಕಾಗದಕ್ಕೂ ಹಚ್ಚಿದರೆ ಆ ಕಲೆ ಎಂದೂ ಹೋಗದು. ನುಸಿಗುಳಿಗೆಯ ಆವಿ ಮನುಷ್ಯರಿಗೆ ಒಳ್ಳೆಯದಲ್ಲ, ಹುಳುವನ್ನು ಹೊರಗೆ ಓಡಿಸುವುದಕ್ಕಿಂತ ಕೋಣೆಯಲ್ಲಿರುವವರನ್ನು ಓಡಿಸುವುದೇ ಹೆಚ್ಚು. ಬೇವಿನೆಲೆಯನ್ನು ಹಾಳೆಗಳ ನಡುವೆ ಇಟ್ಟರೆ ಎಲೆಯ ಆಕಾರದ ಕಂದು ಗುರುತು ಉಳಿಯುತ್ತದೆ. ಬೆಳ್ಳಿಹುಳವೂ ಗೆದ್ದಲೂ ಬರುವುದು ತೇವಕ್ಕೆ. ತೇವವನ್ನು ಕಡಿಮೆ ಮಾಡಿದರೆ ಅವೂ ಕಡಿಮೆಯಾಗುತ್ತವೆ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಿಸಿಲಿಗೂ ಇಡಬೇಡಿ; ಪುಸ್ತಕವನ್ನು ಬೇರೆ ಮಾಡಿ, ಒಣ ಕೋಣೆಯಲ್ಲಿ ಫ್ಯಾನಿನ ಗಾಳಿ ನೇರವಾಗಿ ತಾಗದಂತೆ ತೆರೆದಿಟ್ಟು, ಪೂರ್ತಿ ಒಣಗಿ ಪುಡಿಯಾದ ಮೇಲೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಬ್ರಷ್‌ನಿಂದ ತೆಗೆಯಿರಿ. ಘಟ್ಟದ ಮೇಲಿನ ಓದುಗರು ತಮಗೆ ಇದರ ಬಾಧೆಯಿಲ್ಲ ಎಂದುಕೊಳ್ಳಬಾರದು. ಶಿರಸಿ, ಸಿದ್ದಾಪುರಗಳ ಮಳೆಯಲ್ಲಿ ಉಪ್ಪಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಅಂಕೋಲಾ

ಪ್ರಶ್ನೆ: ಕಟ್ಟು ಬಿಚ್ಚಿಹೋದ, 1600ರ ಆಸುಪಾಸಿನ ಪ್ರತಿಯೊಂದು ಇದೆ, ರೋಮ್‌ನ ಚಕ್ರವರ್ತಿಗಳ ಜೀವನಚರಿತ್ರೆ ಬರೆದ ಸ್ಯುಟೋನಿಯಸ್‌ನದು. ಹೊಸದಾಗಿ ಬೈಂಡ್ ಮಾಡಿಸಲೇ?

ಉತ್ತರ: ಬೇಡ. ಆಮ್ಲರಹಿತ ರಟ್ಟಿನ ಪೆಟ್ಟಿಗೆಯೊಂದನ್ನು ಅದರ ಅಳತೆಗೆ ಮಾಡಿಸಿ, ಹತ್ತಿಯ ಅಗಲ ದಾರದಿಂದ ಸಡಿಲವಾಗಿ ಕಟ್ಟಿಡಿ. ಪಂಚಾಂಗ, ಲೆಕ್ಕದ ಪುಸ್ತಕ ಕಟ್ಟುವವರು ಅಂಚನ್ನು ಯಂತ್ರಕ್ಕೆ ಕೊಟ್ಟು ಕತ್ತರಿಸದೆ ಬಿಡುವುದಿಲ್ಲ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ಹಾಳೆಗಳನ್ನು ಲ್ಯಾಮಿನೇಶನ್‌ಗೆ ಎಂದಿಗೂ ಕೊಡಬೇಡಿ.

ಹೊನ್ನಾವರ

ಪ್ರಶ್ನೆ: ರೋಮನ್ನರ ಚರಿತ್ರೆಗಳಲ್ಲಿ ನಮ್ಮ ಕರಾವಳಿಯ ಉಲ್ಲೇಖವಿದೆಯೇ? ಇದ್ದರೆ ಅಂಥ ಪುಸ್ತಕಗಳನ್ನೇ ಸಂಗ್ರಹಿಸಬೇಕೆಂದಿದ್ದೇನೆ.

ಉತ್ತರ: ಸೊಗಸಾದ ಯೋಜನೆ, ಸಂಗ್ರಹಕ್ಕೆ ಒಂದು ಗೆರೆ ಎಳೆದುಕೊಂಡವರು ಕಡಿಮೆ ಹಣದಲ್ಲಿ ಹೆಚ್ಚು ದೂರ ಹೋಗುತ್ತಾರೆ. ಆದರೆ ಶುದ್ಧ ಚರಿತ್ರೆಕಾರರಲ್ಲಿ ಸಿಗುವುದು ಬಿಡಿ ಮಾತುಗಳು. ಅಗಸ್ಟಸ್‌ನ ಬಳಿಗೆ ಭಾರತದಿಂದ ದೂತರು ಬಂದರೆಂದು ಸ್ಯುಟೋನಿಯಸ್ ಹೇಳುತ್ತಾನೆ. ಅವರು ರತ್ನ, ಮುತ್ತು, ಆನೆಗಳನ್ನು ತಂದರೆಂದು ಇನ್ನೊಬ್ಬ ಚರಿತ್ರೆಕಾರ ಫ್ಲೋರಸ್ ಸೇರಿಸುತ್ತಾನೆ. ಸ್ಯುಟೋನಿಯಸ್ 1470ರಲ್ಲಿ ರೋಮ್‌ನಲ್ಲಿ ಎರಡು ಕಡೆ ಅಚ್ಚಾದ. ನಿಮಗೆ ಹೆಚ್ಚು ಬೇಕಾದದ್ದು ಸಿಗುವುದು ರೋಮನ್ ಲೇಖಕ ಪ್ಲಿನಿಯ ನಿಸರ್ಗ ಚರಿತ್ರೆಯಲ್ಲಿ, ಅಂದರೆ ಸ್ಪೈಯರ್‌ನ ಯೋಹಾನ್ 1469ರಲ್ಲಿ ವೆನಿಸ್‌ನಲ್ಲಿ ಮೊದಲು ಅಚ್ಚುಹಾಕಿದ ಗ್ರಂಥದಲ್ಲಿ. ಹೆಸರಿನಲ್ಲಿ ನಿಸರ್ಗವಿದ್ದರೂ ರೋಮ್‌ನ ಹಣ, ವ್ಯಾಪಾರ, ಹಡಗುಗಳ ಲೆಕ್ಕಕ್ಕೆ ಚರಿತ್ರೆಕಾರರೂ ಅದನ್ನೇ ತೆರೆಯುತ್ತಾರೆ. ಭಾರತಕ್ಕೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹರಿದುಹೋಗುತ್ತಿದೆ ಎಂದು ಅವನು ಆರನೆಯ ಪುಸ್ತಕದಲ್ಲಿ ಗೊಣಗುತ್ತಾನೆ. ಈಗಿನ ಕೇರಳದ ಕರಾವಳಿಯಲ್ಲಿದ್ದ ಮುಜಿರಿಸ್ ಬಂದರಿನ ಹತ್ತಿರ ನಿಟ್ರಿಯಾಸ್ ಎಂಬಲ್ಲಿ ಕಡಲುಗಳ್ಳರಿದ್ದಾರೆ ಎಂದು ಎಚ್ಚರಿಸುತ್ತಾನೆ. ಹನ್ನೆರಡನೆಯ ಪುಸ್ತಕದಲ್ಲಿ ಕರಿಮೆಣಸಿನ ಬೆಲೆ ಪೌಂಡಿಗೆ ನಾಲ್ಕು ಡಿನಾರಿಯಸ್ (ರೋಮನ್ ಬೆಳ್ಳಿ ನಾಣ್ಯ) ಎಂದು ಬರೆದು, ಖಾರ ಬಿಟ್ಟರೆ ಬೇರೇನೂ ಗುಣವಿಲ್ಲದ ಇದು ಜನರಿಗೆ ಏಕಿಷ್ಟು ಇಷ್ಟವೋ ಎಂದು ಬೆರಗಾಗುತ್ತಾನೆ. ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿ ಎಂದೇ ಕರೆಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ತಾಲ್ಲೂಕಿನವರು ಓದಬೇಕಾದ ಸಾಲು ಅದು.

ಗ್ರೀಕ್ ಭಾಷೆಯಲ್ಲಿ ಬರೆದ ಭೂಗೋಳಜ್ಞ ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರೇ ಬರುತ್ತದೆ. ಅದರ ಲ್ಯಾಟಿನ್ ಅನುವಾದ 1475ರಲ್ಲಿ ವಿಚೆಂಝಾದಲ್ಲಿ ನಕ್ಷೆಗಳಿಲ್ಲದೆ, 1477ರಲ್ಲಿ ಬೊಲೋನ್ಯದಲ್ಲಿ ನಕ್ಷೆಗಳೊಂದಿಗೆ ಅಚ್ಚಾಯಿತು. ಗ್ರೀಕ್ ಮೂಲ ಹೊರಬಂದದ್ದು 1533ರ ಬಾಸೆಲ್‌ನಲ್ಲಿ. ನಮ್ಮ ಪಶ್ಚಿಮ ಕರಾವಳಿಯ ಬಂದರುಗಳನ್ನು ಎಣಿಸುವ ಎರಿತ್ರಿಯನ್ ಸಮುದ್ರದ ಪೆರಿಪ್ಲಸ್ ಎಂಬ ಗ್ರೀಕ್ ಕಡಲಯಾನದ ಕೈಪಿಡಿ ಕೂಡ ಅದೇ ವರ್ಷ ಅದೇ ಊರಿನ ಫ್ರೋಬೆನ್ ಮುದ್ರಣಾಲಯದಿಂದ ಮೊದಲ ಬಾರಿಗೆ ಅಚ್ಚಾದದ್ದು. ಟಾಲೆಮಿಯ ಪುಸ್ತಕಗಳನ್ನು ಕತ್ತರಿಸಿ ಭಾರತದ ನಕ್ಷೆಯ ಹಾಳೆಯನ್ನಷ್ಟೇ ಚೌಕಟ್ಟು ಹಾಕಿ ಮಾರುವ ದಂಧೆ ಜೋರಾಗಿದೆ. ಅಂಥ ಹಾಳೆಯನ್ನು ಕೊಂಡರೆ ಮುಂದಿನ ಪುಸ್ತಕಕ್ಕೆ ಕತ್ತರಿ ಕೊಟ್ಟಂತೆ ಎಂಬುದು ನನ್ನ ನಿಲುವು. ಪ್ಲಿನಿಯ ಹದಿನಾರನೆಯ ಶತಮಾನದ ಇಡೀ ಪ್ರತಿ, ಹೊದಿಕೆ ಸವೆದಿದ್ದರೂ, ಅದಕ್ಕಿಂತ ಮೇಲು.

ಭಟ್ಕಳ

ಪ್ರಶ್ನೆ: ಹೊರದೇಶದ ಹರಾಜಿನಲ್ಲಿ ಕೊಂಡು ತರಿಸಿದರೆ ಕಾನೂನಿನ ತೊಡಕು ಇದೆಯೇ?

ಉತ್ತರ: ತರಿಸುವುದಕ್ಕಿಂತ ತರಿಸಿದ್ದನ್ನು ಮತ್ತೆ ಹೊರಗೆ ಕಳಿಸುವಾಗ ತೊಡಕು ಹೆಚ್ಚು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಐತಿಹಾಸಿಕ ಆಸಕ್ತಿಯ, ನೂರು ವರ್ಷಕ್ಕೆ ಕಡಿಮೆಯಲ್ಲದ ವಸ್ತುಗಳೂ, ವೈಜ್ಞಾನಿಕ, ಚಾರಿತ್ರಿಕ, ಸಾಹಿತ್ಯಿಕ ಮೌಲ್ಯದ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಲ್ಲದ ಹಸ್ತಪ್ರತಿ ಮತ್ತು ದಾಖಲೆಗಳೂ ಪುರಾತನ ವಸ್ತುಗಳು; ಅವುಗಳ ರಫ್ತನ್ನು ಖಾಸಗಿಯವರು ಮಾಡುವಂತಿಲ್ಲ. ಯೂರೋಪಿನಿಂದ ಬಂದ ಪುಸ್ತಕವನ್ನೇ ಯೂರೋಪಿಗೆ ರಿಪೇರಿಗೋ ಮಾರಾಟಕ್ಕೋ ಕಳಿಸುವಾಗ ಈ ಪ್ರಶ್ನೆ ಏಳಬಹುದು. ಹಾಗಾಗಿ ಹರಾಜಿನ ರಸೀದಿ, ಮೂಲ ದೇಶದ ರಫ್ತು ಪರವಾನಗಿ, ಕಸ್ಟಮ್ಸ್ ಕಾಗದ ಇವನ್ನೆಲ್ಲ ಪುಸ್ತಕ ಇರುವಷ್ಟು ಕಾಲ ಇಟ್ಟುಕೊಂಡಿರಿ. ಸುಂಕದ ದರ ಆಗಾಗ ಬದಲಾಗುವುದರಿಂದ ಹಣ ಕಟ್ಟುವ ಮೊದಲೇ ಕಸ್ಟಮ್ಸ್ ಏಜೆಂಟರಿಂದ ಲಿಖಿತ ಅಂದಾಜು ಪಡೆಯಿರಿ.

ಸಿದ್ದಾಪುರ

ಪ್ರಶ್ನೆ: ನಾನು ವಿದ್ಯಾರ್ಥಿನಿ. ಲ್ಯಾಟಿನ್ ಬಾರದು, ಹಣವೂ ಇಲ್ಲ. ಈ ಲೋಕಕ್ಕೆ ಹೊಕ್ಕುವ ದಾರಿ ಯಾವುದು?

ಉತ್ತರ: 1500ರ ಕೊನೆಯವರೆಗೆ ಯೂರೋಪಿನಲ್ಲಿ ಅಚ್ಚಾದ ಸುಮಾರು 30,000 ಆವೃತ್ತಿಗಳ ವಿವರವೂ, ಅವುಗಳ ಪ್ರತಿಗಳು ಯಾವ ಯಾವ ಗ್ರಂಥಾಲಯದಲ್ಲಿ ಉಳಿದಿವೆ ಎಂಬುದೂ ಬ್ರಿಟಿಷ್ ಲೈಬ್ರರಿ ಕಟ್ಟಿದ ಅಂತರರಾಷ್ಟ್ರೀಯ ಪಟ್ಟಿಯಲ್ಲಿವೆ. ಅನೇಕ ಪುಸ್ತಕಗಳ ಪ್ರತಿ ಪುಟದ ಛಾಯಾಚಿತ್ರವನ್ನು ಆಯಾ ಗ್ರಂಥಾಲಯಗಳು ಉಚಿತವಾಗಿ ನೋಡಲು ಇಟ್ಟಿವೆ. ಒಂದು ಲಿವಿಯನ್ನು ಆರಿಸಿಕೊಂಡು, ಕಾರವಾರದ ಓದುಗರಿಗೆ ಹೇಳಿದ ಕಂತೆಯ ಗುರುತುಗಳನ್ನು ಪುಟದಿಂದ ಪುಟಕ್ಕೆ ಬರೆದುಕೊಳ್ಳುತ್ತ ಹೋಗಿ. ಭಾಷೆ ಬಾರದಿದ್ದರೂ ಈ ಕೆಲಸ ಬರುತ್ತದೆ, ಸಂಗ್ರಹದ ಅರ್ಧ ವಿದ್ಯೆ ಅದೇ. ಅಲ್ಲಲ್ಲಿ ಅಧ್ಯಾಯದ ತಲೆಯಲ್ಲಿ ಚೌಕಾಕಾರದ ಖಾಲಿ ಜಾಗವೂ ಅದರ ನಡುವೆ ಒಂದು ಪುಟ್ಟ ಅಕ್ಷರವೂ ಕಂಡರೆ, ಚಿತ್ರಕಾರನು ಬಣ್ಣದಲ್ಲಿ ದೊಡ್ಡಕ್ಷರ ಬರೆಯಲೆಂದು ಮುದ್ರಕನು ಬಿಟ್ಟ ಜಾಗ ಅದು. ಚಿತ್ರಕಾರನಿಗೆ ಕೊಡಲು ಹಣವಿಲ್ಲದ ಕೊಳ್ಳುಗನು ಅದನ್ನು ಹಾಗೆಯೇ ಉಳಿಸಿಕೊಂಡ. ಓದುವುದಕ್ಕೆ ಇಂಗ್ಲಿಷಿನಲ್ಲಿ ಫಿಲೆಮನ್ ಹಾಲಂಡ್ 1600ರಲ್ಲಿ ಪ್ರಕಟಿಸಿದ ಲಿವಿ, 1606ರ ಸ್ಯುಟೋನಿಯಸ್ ಮತ್ತು ಹೆನ್ರಿ ಸ್ಯಾವಿಲ್‌ನ 1591ರ ಟ್ಯಾಸಿಟಸ್ ಇವೆ. ಮುಂದೆ ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಲ್ಯಾಟಿನ್ ಮೊದಲ ಮುದ್ರಣದ ಬದಲು ಹಾಲಂಡನ ಅನುವಾದದ ಹಳೆಯ ಪ್ರತಿಯೊಂದನ್ನು ಕೊಳ್ಳಿ. ನೀವು ಅದನ್ನು ಓದಬಲ್ಲಿರಿ.